ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ, ಭೂಮಿಗೆ 454 ಕೋಟಿ ವರ್ಷ: ಈ ಲೆಕ್ಕ ಬಂದದ್ದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ಇರುವ ಬಂಡೆಯ ಬಳಿ ಒಂದು ಫಲಕ ಇದೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅಂತ ಅದರಲ್ಲಿ ಬರೆದಿದ್ದಾರೆ. ಮಗಳ ವಿಜ್ಞಾನ ಪುಸ್ತಕದಲ್ಲಿ ಭೂಮಿಗೆ 454 ಕೋಟಿ ವರ್ಷ ಅಂತಿದೆ. "ಕಲ್ಲೂ ಭೂಮಿಯದ್ದೇ ಅಲ್ವಾ, ವಯಸ್ಸು ಯಾಕೆ ಬೇರೆ ಬೇರೆ?" ಎಂದು ಅವಳು ಕೇಳಿದಳು. ಇಷ್ಟು ಹಳೆಯದಕ್ಕೂ ಕಾರ್ಬನ್ ಡೇಟಿಂಗ್ ಮಾಡುತ್ತಾರಾ? ಗೊತ್ತಿದ್ದವರು ಬಿಡಿಸಿ ಹೇಳಿ, ಅವಳಿಗೆ ಓದಿ ಹೇಳಬೇಕು.

ಶಿಲಾಪ್ರಿಯ

ಮೊದಲು ಕಾರ್ಬನ್ ವಿಷಯ ಮುಗಿಸಿಬಿಡೋಣ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಒಡೆದು ಅರ್ಧಕ್ಕೆ ಇಳಿಯುವ ಕಾಲ, 5,730 ವರ್ಷ ಮಾತ್ರ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಅದು ಮೂಳೆ, ಇದ್ದಿಲು, ಮರ, ಹೀಗೆ ಒಮ್ಮೆ ಜೀವ ಇದ್ದ ವಸ್ತುಗಳಿಗೆ ಸರಿ. ಬಂಡೆಗೆ ಯುರೇನಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸಮೇರಿಯಂ ಬೇಕು. ಇವು ತುಂಬಾ ನಿಧಾನವಾಗಿ ಬೇರೆ ಧಾತುಗಳಾಗಿ ಬದಲಾಗುತ್ತವೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು. ಪೊಟ್ಯಾಸಿಯಂ-40ಕ್ಕೆ 125 ಕೋಟಿ ವರ್ಷ ಸಾಕು.

ಇನ್ನು ನಿಮ್ಮ ಮಗಳ ಪ್ರಶ್ನೆ. ಇಡೀ ವಿಷಯದ ತಿರುಳನ್ನೇ ಅವಳು ಹಿಡಿದಿದ್ದಾಳೆ. ಅಜ್ಜಿಯ ಬಳೆ ಕರಗಿಸಿ ಈ ವರ್ಷ ಸರ ಮಾಡಿಸಿದರೆ ಸರದ ವಯಸ್ಸು ಎಷ್ಟು? ಸರ ಹೊಸದು, ಚಿನ್ನ ಹಳೆಯದು. ಕಲ್ಲಿನ ಕಥೆಯೂ ಅಷ್ಟೇ. 300 ಕೋಟಿ ವರ್ಷ ಎಂದರೆ ಆ ಕಲ್ಲು ಕರಗಿದ ರೂಪದಿಂದ ಗಟ್ಟಿಯಾಗಿ ಹರಳುಕಟ್ಟಿ ಆದ ಕಾಲ. ಅದರೊಳಗಿನ ವಸ್ತು ಅದಕ್ಕೂ ಮೊದಲೇ ಭೂಮಿಯಲ್ಲಿತ್ತು. ಹಾಗಾಗಿ ಯಾವುದೇ ವಯಸ್ಸು ಕಂಡಾಗ "ಯಾವುದರ ವಯಸ್ಸು?" ಎಂದು ಮೊದಲು ಕೇಳಬೇಕು. ಕಲ್ಲಿನದ್ದಾ, ಕಲ್ಲಿನೊಳಗಿನ ಹರಳಿನದ್ದಾ, ಆಮೇಲೆ ಅದು ಬೆಂದು ಮಡಚಿಕೊಂಡ ಘಟನೆಯದ್ದಾ? ಈ ಮೂರಕ್ಕೂ ಮೂರು ಉತ್ತರ ಬರುತ್ತವೆ, ಮೂರೂ ಸರಿಯೇ.

ಮುಂದಿನ ಸಲ ಹೋದಾಗ ಬಂಡೆಯನ್ನು ಹತ್ತಿರದಿಂದ ನೋಡಿ. ಬಿಳಿ ಪಟ್ಟಿ, ಕಪ್ಪು ಪಟ್ಟಿ ಒಂದರ ಪಕ್ಕ ಒಂದು ಓಡುತ್ತವೆ, ಕೆಲವು ಕಡೆ ಬಳುಕಿ ಮಡಚಿಕೊಂಡಿವೆ. ಬಿಳಿಯದು ಹೆಚ್ಚಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಬಯೋಟೈಟ್ ಅಭ್ರಕ ಜಾಸ್ತಿ. ಈ ಪಟ್ಟೆ ಕಲ್ಲಿಗೆ ನೈಸ್ ಎನ್ನುತ್ತಾರೆ. ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ಅಡಿಯಲ್ಲಿ ಇರುವುದು ಇದೇ.

ಪ್ರಶ್ನೆಗಾರ

ಒಂದು ಅನುಮಾನ. 447 ಕೋಟಿ ವರ್ಷ ಕೂತು ನೋಡಿದವರು ಯಾರು? ಯುರೇನಿಯಂ ಗೊತ್ತಾಗಿ ಇನ್ನೂರು ಚಿಲ್ಲರೆ ವರ್ಷ ಆಗಿದೆ ಅಷ್ಟೆ. ಅಷ್ಟರಲ್ಲಿ ನೂರಾರು ಕೋಟಿ ವರ್ಷದ ಲೆಕ್ಕ ಹೇಗೆ ಹೇಳುತ್ತಾರೆ? ವಾದಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕು.

ಭೌತಶಾಸ್ತ್ರ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಕೂತು ನೋಡುವ ಅಗತ್ಯವೇ ಇಲ್ಲ. ಒಂದು ಗ್ರಾಂ ಶುದ್ಧ ಯುರೇನಿಯಂ-238 ತೆಗೆದುಕೊಂಡರೆ ಸೆಕೆಂಡಿಗೆ ಸುಮಾರು 12,400 ಪರಮಾಣುಗಳು ಒಡೆಯುತ್ತವೆ. ಇದನ್ನು ಉಪಕರಣ ಇಟ್ಟು ಎಣಿಸಬಹುದು. ಒಂದು ಗ್ರಾಂನಲ್ಲಿ ಒಟ್ಟು ಎಷ್ಟು ಪರಮಾಣು ಎನ್ನುವುದೂ ಗೊತ್ತು. ಒಟ್ಟು ಎಷ್ಟು, ಸೆಕೆಂಡಿಗೆ ಎಷ್ಟು ಹೋಗುತ್ತವೆ, ಇವೆರಡು ಸಿಕ್ಕರೆ ಅರ್ಧ ಆಗಲು ಎಷ್ಟು ಕಾಲ ಬೇಕು ಎನ್ನುವುದು ಪಿಯುಸಿ ಲೆಕ್ಕ.

ಇನ್ನೂ ಚಂದದ ಸಂಗತಿ ಒಂದಿದೆ. ಯುರೇನಿಯಂನಲ್ಲಿ ಎರಡು ಬಗೆ. 238 ಕೊನೆಗೆ ಸೀಸ-206 ಆಗುತ್ತದೆ. 235 ಕೊನೆಗೆ ಸೀಸ-207 ಆಗುತ್ತದೆ, ಅದರ ಅರ್ಧಾಯುಷ್ಯ ಬರೀ 70.4 ಕೋಟಿ ವರ್ಷ. ಎರಡೂ ಒಂದೇ ಹರಳಿನೊಳಗೆ ಇರುತ್ತವೆ. 300 ಕೋಟಿ ವರ್ಷ ಹಳೆಯ ಹರಳು ಎಂದುಕೊಳ್ಳಿ. ಮೊದಲು 100 ಇದ್ದ 238ರಲ್ಲಿ ಈಗ ಸುಮಾರು 63 ಉಳಿದಿರಬೇಕು. ಮೊದಲು 100 ಇದ್ದ 235ರಲ್ಲಿ ಸುಮಾರು 5 ಮಾತ್ರ ಉಳಿದಿರಬೇಕು. ಎರಡನ್ನೂ ಬೇರೆ ಬೇರೆ ಅಳೆದು ಬೇರೆ ಬೇರೆ ವಯಸ್ಸು ತೆಗೆಯುತ್ತಾರೆ. ಎರಡೂ 300 ಕೋಟಿ ಎಂದೇ ಹೇಳಿದರೆ ನಂಬಬಹುದು. ಮಧ್ಯದಲ್ಲಿ ಯಾವಾಗಲೋ ಸೀಸ ಸೋರಿಹೋಗಿದ್ದರೆ ಎರಡೂ ತಾಳೆ ಆಗುವುದಿಲ್ಲ. ಆ ವ್ಯತ್ಯಾಸದಿಂದಲೇ ಯಾವಾಗ ಸೋರಿತು ಎನ್ನುವುದನ್ನು ಎಷ್ಟೋ ಸಲ ಕಂಡುಹಿಡಿಯಬಹುದು. 1956ರಲ್ಲಿ ವೆದರಿಲ್ ಎಂಬ ವಿಜ್ಞಾನಿ ಇದಕ್ಕೆ ಒಂದು ನಕ್ಷೆ ಕೊಟ್ಟರು. ಇಂದಿಗೂ ಪ್ರಯೋಗಾಲಯಗಳಲ್ಲಿ ಅದೇ ನಡೆಯುತ್ತಿದೆ.

ಪ್ರಶ್ನೆಗಾರ

ಸರಿ, ಈಗಿನ ವೇಗ ಗೊತ್ತಾಯಿತು. ಹಿಂದೆ ಬೇರೆ ವೇಗ ಇದ್ದಿರಬಹುದಲ್ಲ?

ಭೌತಶಾಸ್ತ್ರ ಮೇಷ್ಟ್ರು

ಅದನ್ನೂ ಪರೀಕ್ಷೆ ಮಾಡಿದ್ದಾರೆ. ಎರಡು ಉದಾಹರಣೆ ಹೇಳುತ್ತೇನೆ.

1987ರಲ್ಲಿ ಒಂದು ನಕ್ಷತ್ರ ಸ್ಫೋಟಗೊಂಡದ್ದು ಕಂಡಿತು. ಅದು ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ನಾವು ನೋಡಿದ್ದು ಅಷ್ಟು ವರ್ಷ ಹಿಂದಿನ ಘಟನೆ. ಅದರ ಬೆಳಕು ತಿಂಗಳುಗಟ್ಟಲೆ ಕುಗ್ಗುತ್ತಾ ಹೋಯಿತು. ಆ ಬೆಳಕು ಬರುತ್ತಿದ್ದದ್ದು ಸ್ಫೋಟದಿಂದ ಉಂಟಾದ ಕೋಬಾಲ್ಟ್-56 ಒಡೆಯುವುದರಿಂದ. ಅದಕ್ಕೆ ಇಲ್ಲಿ ಭೂಮಿಯಲ್ಲಿ ಅಳೆದ ಅರ್ಧಾಯುಷ್ಯ 77 ದಿನ. ಆ ಬೆಳಕು ಕುಗ್ಗಿದ್ದೂ ಇದೇ ಲೆಕ್ಕದಲ್ಲಿ.

ಇನ್ನೊಂದು ಆಫ್ರಿಕಾದ ಗಬಾನ್ ದೇಶದ ಓಕ್ಲೋ ಗಣಿ. 1972ರಲ್ಲಿ ಅಲ್ಲಿನ ಅದಿರಿನಲ್ಲಿ ಯುರೇನಿಯಂ-235 ಇರಬೇಕಾದ್ದಕ್ಕಿಂತ ಕಡಿಮೆ ಇರುವುದು ಫ್ರಾನ್ಸಿನವರ ಕಣ್ಣಿಗೆ ಬಿತ್ತು. ಹುಡುಕಿ ನೋಡಿದರೆ ಸುಮಾರು 200 ಕೋಟಿ ವರ್ಷ ಹಿಂದೆ ಅಲ್ಲಿ ನೆಲದೊಳಗೆ ತಾನಾಗಿಯೇ ಪರಮಾಣು ರಿಯಾಕ್ಟರ್ ನಡೆದಿತ್ತು! ಅದು ಬಿಟ್ಟುಹೋದ ಧಾತುಗಳನ್ನು ಅಳೆದು ಪರಮಾಣು ಬೀಜದ ನಿಯಮಗಳು ಆಗಲೂ ಈಗಿನ ಹಾಗೇ ಇದ್ದವು ಎಂದು ತೋರಿಸಿದ್ದಾರೆ. ಕಾಯಿಸಿದರೆ, ಒತ್ತಿದರೆ ಯುರೇನಿಯಂ ಒಡೆಯುವ ವೇಗ ಬದಲಾಗುವುದಿಲ್ಲ. ಆ ಶಾಖ, ಒತ್ತಡ ಪರಮಾಣುವಿನ ಬೀಜಕ್ಕೆ ತಾಗುವುದೇ ಇಲ್ಲ.

ಗೊರೂರು ಹುಡುಗ

ನಮ್ಮ ಊರಿನ ಹೆಸರು ಭೂವಿಜ್ಞಾನದ ಪತ್ರಿಕೆಗಳಲ್ಲಿ ಬರುತ್ತದೆ ಎಂದು ಕೇಳಿದ್ದೆ. ಹೌದಾ? ಇನ್ನೊಂದು, ಕಲ್ಲಿನೊಳಗಿನ ಹರಳು ಎನ್ನುತ್ತೀರಲ್ಲ, ಅದನ್ನು ಹೊರಗೆ ತೆಗೆಯುವುದು ಹೇಗೆ?

ಶಿಲಾಪ್ರಿಯ

ಹೌದು, ಹೆಮ್ಮೆಪಡಿ. 1980ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ 336 ಕೋಟಿ ವರ್ಷ ಎಂದು ಪ್ರಕಟವಾಯಿತು. ದಕ್ಷಿಣ ಭಾರತದ ತೀರಾ ಹಳೆಯ ಕಲ್ಲುಗಳಲ್ಲಿ ಅದೂ ಒಂದು.

ಹರಳು ತೆಗೆಯುವ ಕೆಲಸ ನಾನು ಎಂಎಸ್ಸಿ ಓದುವಾಗ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮಗೆ ಬೇಕಾದ ಹರಳಿನ ಹೆಸರು ಜಿರ್ಕಾನ್. ಅದು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಅದರೊಳಗೆ ಸೀಸ ಸಿಕ್ಕರೆ, ಹೆಚ್ಚುಕಮ್ಮಿ ಅಷ್ಟೂ ಯುರೇನಿಯಂ ಒಡೆದು ಬಂದದ್ದೇ.

ಹತ್ತಿಪ್ಪತ್ತು ಕೆಜಿ ಕಲ್ಲು ಹೊತ್ತು ತರಬೇಕು. ಮಳೆ ಬಿಸಿಲಿಗೆ ಸವೆದ ಮೇಲ್ಪದರ ಬೇಡ, ಒಳಗಿನ ಹೊಸ ಕಲ್ಲು ಬೇಕು. ಅದನ್ನು ಜಜ್ಜಿ, ಪುಡಿ ಮಾಡಿ, ಜರಡಿ ಹಿಡಿಯಬೇಕು. ಒಂದೊಂದು ಮಾದರಿ ಮುಗಿದ ಮೇಲೂ ಯಂತ್ರವನ್ನೆಲ್ಲ ಬಿಚ್ಚಿ ತೊಳೆಯಬೇಕು. ಹಿಂದಿನ ಕಲ್ಲಿನ ಒಂದು ಕಣ ಉಳಿದರೂ ಲೆಕ್ಕ ಕೆಡುತ್ತದೆ. ಆಮೇಲೆ ಅಲುಗಾಡುವ ಮೇಜಿನ ಮೇಲೆ ನೀರು ಹರಿಸಿ ಪುಡಿ ತೊಳೆಯುತ್ತಾರೆ. ಹಗುರ ಕ್ವಾರ್ಟ್ಜ್ ಕೊಚ್ಚಿಹೋಗುತ್ತದೆ. ಉಳಿದದ್ದಕ್ಕೆ ಅಯಸ್ಕಾಂತ ಹಿಡಿದು ಕಬ್ಬಿಣದ ಅಂಶ ಇರುವುದನ್ನು ತೆಗೆಯುತ್ತಾರೆ. ನಂತರ ಭಾರವಾದ ದ್ರವದಲ್ಲಿ ಹಾಕಿದರೆ ಜಿರ್ಕಾನ್ ತಳಕ್ಕೆ ಇಳಿಯುತ್ತದೆ. ಅಷ್ಟು ಕಲ್ಲಿನಿಂದ ಕೊನೆಗೆ ಸಿಗುವುದು ಒಂದು ಚಿಟಿಕೆಯೂ ಇಲ್ಲದಷ್ಟು. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಒಂದೊಂದೇ ಕಣ ಆರಿಸಬೇಕು. ಕೆಲವು ನಸುಗೆಂಪು, ಕೆಲವು ಜೇನಿನ ಬಣ್ಣ, ಎರಡೂ ತುದಿ ಚೂಪು. ಕೂದಲಿನ ದಪ್ಪದಷ್ಟೇ ಇರುತ್ತವೆ.

ಅವನ್ನು ರಾಳದಲ್ಲಿ ಕೂರಿಸಿ ಅರ್ಧಕ್ಕೆ ಉಜ್ಜಿ ಎಲೆಕ್ಟ್ರಾನ್ ಕಿರಣದಲ್ಲಿ ನೋಡಿದರೆ ಒಳಗೆ ಸುತ್ತುಸುತ್ತಾಗಿ ಪದರಗಳು ಕಾಣುತ್ತವೆ. ಎಷ್ಟೋ ಸಲ ನಡುವೆ ಹಳೆಯ ತಿರುಳು, ಸುತ್ತ ಹೊಸ ಅಂಚು. ತಿರುಳು ಒಂದು ವಯಸ್ಸು ಹೇಳುತ್ತದೆ, ಅಂಚು ಇನ್ನೊಂದು. ಇಡೀ ಕಣ ಕರಗಿಸಿ ಅಳೆದರೆ ಎರಡೂ ಬೆರೆತು ತಪ್ಪು ಉತ್ತರ ಬರುತ್ತದೆ. ಅದಕ್ಕಾಗಿಯೇ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬಿಲ್ ಕಾಂಪ್‌ಸ್ಟನ್ ಮತ್ತು ಜೊತೆಗಾರರು ಶ್ರಿಂಪ್ ಎಂಬ ಯಂತ್ರ ಕಟ್ಟಿದರು. 1980ರ ಹೊತ್ತಿಗೆ ಅದು ಕೆಲಸ ಶುರು ಮಾಡಿತು. ಅದು ಕಣದ ಮೇಲೆ ಮಿಲಿಮೀಟರಿನ ನಲವತ್ತು ಐವತ್ತನೇ ಒಂದು ಭಾಗದಷ್ಟು ಜಾಗಕ್ಕೆ ಆಮ್ಲಜನಕದ ಅಯಾನು ಹೊಡೆದು, ಅಲ್ಲಿಂದ ಎದ್ದ ಪರಮಾಣುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಒಂದೇ ಕಣದಲ್ಲಿ ತಿರುಳಿಗೆ ಬೇರೆ, ಅಂಚಿಗೆ ಬೇರೆ ವಯಸ್ಸು ಸಿಗುತ್ತದೆ.

ತುಂಗಾತೀರ

ಅದ್ಭುತ. ಆದರೆ ಮಗಳ ಪ್ರಶ್ನೆಯ ಇನ್ನರ್ಧ ಉಳಿಯಿತು. ಭೂಮಿಯ ವಯಸ್ಸನ್ನು ಯಾವ ಕಲ್ಲು ಅಳೆದು ಹೇಳಿದರು? 454 ಕೋಟಿ ವರ್ಷದ ಕಲ್ಲು ಎಲ್ಲಿದೆ?

ಶಿಲಾಪ್ರಿಯ

ಭೂಮಿಯಲ್ಲಿ ಅಂಥ ಕಲ್ಲು ಎಲ್ಲೂ ಇಲ್ಲ! ಉತ್ತರ ಬಂದದ್ದು ಆಕಾಶದಿಂದ ಬಿದ್ದ ಉಲ್ಕೆಗಳಿಂದ. ಕೆಲಸ ಮಾಡಿದವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್.

ಅರಿಜೋನಾದಲ್ಲಿ ದೊಡ್ಡ ಗುಂಡಿ ಮಾಡಿದ ಕ್ಯಾನ್ಯನ್ ಡಯಾಬ್ಲೊ ಎಂಬ ಕಬ್ಬಿಣದ ಉಲ್ಕೆ ಇದೆ. ಅದರೊಳಗೆ ಟ್ರೋಯ್ಲೈಟ್ ಎಂಬ ಗಂಧಕದ ಖನಿಜ ಇರುತ್ತದೆ. ಅದರಲ್ಲಿ ಸೀಸ ಇದೆ, ಯುರೇನಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂದರೆ ಸೌರಮಂಡಲ ಹುಟ್ಟಿದಾಗ ಸೀಸದ ಬಗೆಗಳು ಯಾವ ಪ್ರಮಾಣದಲ್ಲಿದ್ದವೋ ಅದು ಹಾಗೇ ಉಳಿದಿದೆ. ಇದು ಆರಂಭದ ಅಳತೆ. ಕಲ್ಲಿನ ಉಲ್ಕೆಗಳಲ್ಲಿ ಯುರೇನಿಯಂ ಇರುವುದರಿಂದ ಅಲ್ಲಿ ಸೀಸ ಕಾಲ ಕಳೆದ ಹಾಗೆ ಹೆಚ್ಚಾಗಿದೆ. ಮೂರು ಕಲ್ಲಿನ ಉಲ್ಕೆ, ಎರಡು ಕಬ್ಬಿಣದ ಉಲ್ಕೆ ಅಳೆದು ನಕ್ಷೆಯಲ್ಲಿ ಚುಕ್ಕಿ ಇಟ್ಟರೆ ಎಲ್ಲವೂ ಒಂದೇ ಗೆರೆಯ ಮೇಲೆ ಬಂದವು. ಗೆರೆ ಎಷ್ಟು ಓರೆ ಇದೆ ಎನ್ನುವುದರಿಂದ ವಯಸ್ಸು ಸಿಗುತ್ತದೆ. 1956ರಲ್ಲಿ ಅವರು ಪ್ರಕಟಿಸಿದ ಉತ್ತರ 455 ಕೋಟಿ ವರ್ಷ, ಆಚೀಚೆ 7 ಕೋಟಿ.

ಇದು ಉಲ್ಕೆಯ ವಯಸ್ಸು, ಭೂಮಿಯದ್ದು ಹೇಗಾಯಿತು ಎಂದು ಕೇಳಬಹುದು. ಸಮುದ್ರದ ತಳದ ಕೆಸರಿನಲ್ಲಿ ಭೂಮಿಯ ನಾನಾ ಕಡೆಯ ಸೀಸ ಬೆರೆತಿರುತ್ತದೆ. ಆ ಸೀಸವನ್ನು ಅಳೆದು ಇಟ್ಟರೆ ಅದೂ ಅದೇ ಗೆರೆಯ ಮೇಲೆ ಬಂದು ಕೂತಿತು. ಅಂದರೆ ಭೂಮಿ, ಉಲ್ಕೆ ಎರಡೂ ಒಂದೇ ವಸ್ತುವಿನಿಂದ, ಒಂದೇ ಕಾಲದಲ್ಲಿ ಆದವು. ಈ ಒಂದು ಚುಕ್ಕಿ ನನಗೆ ಇಡೀ ಭೂವಿಜ್ಞಾನದಲ್ಲೇ ತುಂಬಾ ಇಷ್ಟವಾದ ವಿಷಯ.

ಈಗಿನ ಅಂದಾಜು 454 ಕೋಟಿ, ಆಚೀಚೆ 5 ಕೋಟಿ. ಉಲ್ಕೆಗಳೊಳಗಿನ ಅತಿ ಹಳೆಯ ಬಿಳಿ ಚೂರುಗಳಿಗೆ 456.7 ಕೋಟಿ ವರ್ಷ. ಭೂಮಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಕೋಟ್ಯಂತರ ವರ್ಷ ಸೇರುತ್ತಾ ಬೆಳೆಯಿತು. ಹಾಗಾಗಿ ಹುಟ್ಟಿದ ದಿನ ಎಂದು ಯಾವುದನ್ನು ಹಿಡಿಯುತ್ತೇವೆ ಎನ್ನುವುದರ ಮೇಲೂ ಉತ್ತರ ನಿಲ್ಲುತ್ತದೆ.

ಹೊಸಕೋಟೆ ಓದುಗ

ಪ್ಯಾಟರ್ಸನ್ ಬಗ್ಗೆ ಇನ್ನೊಂದು ಮಾತು ಸೇರಿಸಲೇಬೇಕು. ಅವರು ಸೀಸ ಅಳೆಯಲು ಹೊರಟಾಗ ಲೆಕ್ಕ ಸರಿ ಬರುತ್ತಲೇ ಇರಲಿಲ್ಲ. ಮಾದರಿಯಲ್ಲಿ ಇರಬೇಕಾದ್ದಕ್ಕಿಂತ ಸೀಸ ಜಾಸ್ತಿ. ಗಾಳಿಯಲ್ಲಿ, ಧೂಳಿನಲ್ಲಿ, ನೀರಿನಲ್ಲಿ, ಕೈಯಲ್ಲಿ, ಎಲ್ಲ ಕಡೆ ಸೀಸ. ಪಾತ್ರೆಗಳನ್ನೆಲ್ಲ ಆಮ್ಲದಲ್ಲಿ ತೊಳೆದು, ಗಾಳಿ ಸೋಸಿ, ಮೊದಲ ಅತಿ ಶುಚಿಯಾದ ಪ್ರಯೋಗಾಲಯಗಳಲ್ಲಿ ಒಂದನ್ನು ಕಟ್ಟಿದರು. ಆಮೇಲೆ ಆ ಸೀಸ ಬಹುಪಾಲು ಪೆಟ್ರೋಲಿನಿಂದ ಬರುತ್ತಿದೆ ಎಂದು ತೋರಿಸಿ, ತೈಲ ಮತ್ತು ಸೀಸದ ಉದ್ಯಮವನ್ನು ಎದುರು ಹಾಕಿಕೊಂಡು ವರ್ಷಗಟ್ಟಲೆ ಹೋರಾಡಿದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಭೂಮಿಯ ವಯಸ್ಸು ಹುಡುಕುವುದು ಸುಮ್ನೆ ಪಂಡಿತರ ಕುತೂಹಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸಂಜೆಮಲ್ಲಿಗೆ

ನಮ್ಮ ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. 454ಕ್ಕೆ ಎಷ್ಟು ಹತ್ತಿರ ಇದೆ ನೋಡಿ! ಹಿಂದಿನವರಿಗೆ ಗೊತ್ತಿತ್ತು ಎಂದು ಹೇಳಬಹುದಾ?

ಶಿಲಾಪ್ರಿಯ

ಅಷ್ಟು ದೊಡ್ಡ ಕಾಲವನ್ನು ಕಲ್ಪಿಸಿಕೊಂಡದ್ದು ದೊಡ್ಡ ವಿಷಯವೇ. ಯುರೋಪಿನಲ್ಲಿ 17ನೇ ಶತಮಾನದಲ್ಲೂ ಆರು ಸಾವಿರ ವರ್ಷ ಎನ್ನುತ್ತಿದ್ದರು. ಆದರೆ 432 ಯುಗಗಳ ಗುಣಾಕಾರದಿಂದ ಬಂದ ಸಂಖ್ಯೆ. 454 ಸೀಸದ ಅಳತೆಯಿಂದ ಬಂದದ್ದು. ಅಳತೆಯ ಅನಿಶ್ಚಿತತೆ 5 ಕೋಟಿ ವರ್ಷ, ಇಲ್ಲಿ ವ್ಯತ್ಯಾಸ 22 ಕೋಟಿ. ಹಾಗಾಗಿ ಎರಡೂ ಒಂದೇ ಎನ್ನಲು ಬರುವುದಿಲ್ಲ. ಅಲ್ಲದೆ ಕಲ್ಪ ಭೂಮಿಯ ವಯಸ್ಸಲ್ಲ, ಮತ್ತೆ ಮತ್ತೆ ಬರುವ ಒಂದು ಅವಧಿ. ಅದನ್ನು ಅದರ ಜಾಗದಲ್ಲೇ ಗೌರವದಿಂದ ಓದೋಣ.

ಭೌತಶಾಸ್ತ್ರ ಮೇಷ್ಟ್ರು

ಯುರೋಪಿನ ಮಾತು ಬಂದದ್ದಕ್ಕೆ ಭೌತವಿಜ್ಞಾನಿ ಕೆಲ್ವಿನ್ ಕಥೆ ಹೇಳುತ್ತೇನೆ. 1862ರಲ್ಲಿ ಅವರು ಭೂಮಿ ಕಾದ ಉಂಡೆಯಾಗಿ ಶುರುವಾಗಿ ತಣಿಯುತ್ತಾ ಬಂದಿದೆ ಎಂದುಕೊಂಡು 2 ಕೋಟಿಯಿಂದ 40 ಕೋಟಿ ವರ್ಷ ಎಂದು ಲೆಕ್ಕ ಹಾಕಿದರು. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದರು. 1899ರಲ್ಲಿ ಜಾಲಿ ಎಂಬವರು ಸಮುದ್ರದ ಉಪ್ಪನ್ನು ಲೆಕ್ಕ ಹಾಕಿ 8ರಿಂದ 10 ಕೋಟಿ ಎಂದರು. ಉಪ್ಪು ನದಿಯಿಂದ ಬರುವುದಷ್ಟೇ ಅಲ್ಲ, ಸಮುದ್ರದಿಂದ ಹೊರಗೂ ಹೋಗುತ್ತದೆ. ಅಲ್ಲಿ ಆ ಲೆಕ್ಕ ಬಿತ್ತು.

ಕೆಲ್ವಿನ್ ತಪ್ಪಿದ್ದು ವಿಕಿರಣದ ಶಾಖ ಗೊತ್ತಿರದೆ ಎಂದು ಎಲ್ಲ ಕಡೆ ಬರೆಯುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಭೂಮಿಯ ಒಳಗೆಲ್ಲ ಶಾಖ ಅಲುಗಾಡದ ಗಟ್ಟಿ ವಸ್ತುವಿನ ಮೂಲಕ ಮಾತ್ರ ಹರಿಯುತ್ತದೆ ಎಂದು ಅವರು ಹಿಡಿದಿದ್ದರು. ಒಳಗಿನ ವಸ್ತುವೇ ನಿಧಾನವಾಗಿ ಹರಿದು ಶಾಖವನ್ನು ಮೇಲೆ ತರುತ್ತಿದ್ದರೆ ವಯಸ್ಸು ನೂರಾರು ಕೋಟಿ ಆಗಬಹುದು ಎಂದು 1895ರಲ್ಲೇ ತೋರಿಸಿದವರು ಜಾನ್ ಪೆರಿ, ಕೆಲ್ವಿನ್ ಅವರ ಹಳೆಯ ಸಹಾಯಕ. ಆಗ ಯಾರೂ ಕಿವಿಗೊಡಲಿಲ್ಲ. ಭೂಖಂಡಗಳು ಸರಿಯುವುದೂ ಇದೇ ಹರಿವಿನಿಂದ. ಪೆರಿ ಮಾತನ್ನು ಅಂದೇ ಕೇಳಿದ್ದರೆ ಭೂವಿಜ್ಞಾನ ಎಷ್ಟೋ ಮುಂದೆ ಹೋಗಿರುತ್ತಿತ್ತು ಎಂದು ನನ್ನ ಅಭಿಪ್ರಾಯ.

ಗೊರೂರು ಹುಡುಗ

ಭೂಖಂಡಗಳ ವಯಸ್ಸು ಹೇಗೆ ಹೇಳುತ್ತಾರೆ? ನಮ್ಮ ಕರ್ನಾಟಕ ಮೊದಲು ಎಲ್ಲಿತ್ತು?

ಶಿಲಾಪ್ರಿಯ

ಭೂಖಂಡ ಒಂದೇ ಸಲಕ್ಕೆ ಆದದ್ದಲ್ಲ, ತುಂಡುಗಳು ಸೇರಿ ಆದದ್ದು. ಹಳೆಯ ಗಟ್ಟಿ ತುಂಡುಗಳಿಗೆ ಕ್ರೇಟಾನ್ ಎನ್ನುತ್ತಾರೆ. ನಮ್ಮದು ಧಾರವಾಡ ಕ್ರೇಟಾನ್. ಅದರ ಪಶ್ಚಿಮ ಭಾಗದಲ್ಲಿ ಗೊರೂರು, ಹೊಳೆನರಸೀಪುರ ಕಡೆಯ ಕಲ್ಲುಗಳು 330 ಕೋಟಿ ವರ್ಷ ದಾಟುತ್ತವೆ. ಸರಗೂರು ಗುಂಪು ಎಂದು ಕರೆಯುವ ಹಳೆಯ ಕಲ್ಲುಗಳಲ್ಲಿನ ಮರಳುಗಲ್ಲಿನೊಳಗೆ 358 ಕೋಟಿ ವರ್ಷದ ಜಿರ್ಕಾನ್ ಕಣ ಕೂಡ ಸಿಕ್ಕಿವೆ. ರಾಮನಗರದ ಬೆಟ್ಟಗಳದ್ದು ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 252 ಕೋಟಿ. ಅದು ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದದ ಪಟ್ಟಿಯಾಗಿ, ಮೊದಲೇ ಇದ್ದ ನೈಸ್ ಅನ್ನು ಸೀಳಿಕೊಂಡು ಮೇಲೆ ಬಂದಿದೆ.

ಎಲ್ಲಿತ್ತು ಎನ್ನುವುದಕ್ಕೆ ಕಲ್ಲಿನೊಳಗಿನ ಅಯಸ್ಕಾಂತ ಸಹಾಯ ಮಾಡುತ್ತದೆ. ಲಾವಾ ತಣಿಯುವಾಗ ಅದರ ಕಬ್ಬಿಣದ ಕಣಗಳ ಕಾಂತತ್ವ ಭೂಮಿಯ ಕಾಂತಕ್ಷೇತ್ರದ ದಿಕ್ಕು ಹಿಡಿದು ಹಾಗೇ ಉಳಿಯುತ್ತದೆ. ಸಮಭಾಜಕದಲ್ಲಿ ಆ ದಿಕ್ಕು ನೆಲಕ್ಕೆ ಸಮಾನಾಂತರ, ಧ್ರುವದಲ್ಲಿ ನೆಟ್ಟಗೆ. 49 ಡಿಗ್ರಿ ಓರೆ ಸಿಕ್ಕರೆ ಕಲ್ಲು ಹುಟ್ಟಿದ್ದು 30 ಡಿಗ್ರಿ ಅಕ್ಷಾಂಶದಲ್ಲಿ. ಉತ್ತರ ಕರ್ನಾಟಕದ ಕಪ್ಪು ನೆಲದ ಕೆಳಗಿರುವ ದಖನ್ ಲಾವಾಕ್ಕೆ 6.6 ಕೋಟಿ ವರ್ಷ. ಅದು ಸಮಭಾಜಕದ ದಕ್ಷಿಣಕ್ಕೆ, ಸುಮಾರು 30 ಡಿಗ್ರಿಯ ಹತ್ತಿರ ಹುಟ್ಟಿದ್ದು. ಭಾರತ ಎಷ್ಟು ಉತ್ತರಕ್ಕೆ ಬಂದಿದೆ ಎನ್ನುವುದಕ್ಕೆ ಇದೇ ಸಾಕ್ಷಿ. ಈ ವಿಧಾನ ಅಕ್ಷಾಂಶ ಹೇಳುತ್ತದೆ, ರೇಖಾಂಶ ಹೇಳುವುದಿಲ್ಲ. ಅದಕ್ಕೇ ಭಾರತ, ಆಫ್ರಿಕಾ, ಮಡಗಾಸ್ಕರ್ ಎಲ್ಲ ಒಟ್ಟಿಗಿದ್ದ ಗೊಂಡ್ವಾನದ ನಕ್ಷೆ ಗಟ್ಟಿ, ಅದಕ್ಕೂ ಹಿಂದಿನ ರೊಡೀನಿಯಾ, ಕೊಲಂಬಿಯಾ ಎಂಬ ಮಹಾಖಂಡಗಳ ನಕ್ಷೆಯಲ್ಲಿ ಇನ್ನೂ ಜಗಳ ಜಾಸ್ತಿ.

ಕಲ್ಲು ಹೊಂದಿಸಿ ನೋಡುವುದು ಇನ್ನೊಂದು ದಾರಿ. ಮಡಗಾಸ್ಕರ್‌ನ ಈಶಾನ್ಯ ಮೂಲೆಯ ನೈಸ್ ನಮ್ಮ ಪಶ್ಚಿಮ ಧಾರವಾಡದ ನೈಸ್‌ಗೆ ತಾಳೆ ಆಗುತ್ತದೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷ ಹಿಂದಿನವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಅದೇ ಕಾಲದ ಲಾವಾ ಅಲ್ಲೂ ಇದೆ.

ಹೊಸಕೋಟೆ ಓದುಗ

ಇಂಥ ನೈಸ್ ಬಂಡೆಗಳನ್ನು ನಮ್ಮ ಸುತ್ತಮುತ್ತ ದಿನಾ ಸಿಡಿಸಿ ಜಲ್ಲಿ ಮಾಡುತ್ತಿದ್ದಾರೆ. ಮನೆಗೆ ಜಲ್ಲಿ ಬೇಕು, ಒಪ್ಪುತ್ತೇನೆ. ಆದರೆ ತಾಲೂಕಿಗೆ ಒಂದಾದರೂ ಒಳ್ಳೆಯ ಬಂಡೆಯನ್ನು ಗುರುತಿಸಿ ಬೇಲಿ ಹಾಕಿ ಉಳಿಸಬಾರದಾ? ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಮರಡಿಹಳ್ಳಿಯ ಲಾವಾ ನೀರಿನಡಿ ಹರಿದು ತಣಿದದ್ದು, ಅಂದರೆ ಅಲ್ಲಿ ಒಮ್ಮೆ ಸಮುದ್ರ ಇತ್ತು. ಶಾಲೆ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಬೇಕು.

ತುಂಗಾತೀರ

ಮಗಳದ್ದು ಕೊನೆಯ ಪ್ರಶ್ನೆ. ಭೂಮಿ ಹುಟ್ಟಿದಾಗಿನ ಕಲ್ಲೆಲ್ಲ ಎಲ್ಲಿಗೆ ಹೋಯಿತು?

ಶಿಲಾಪ್ರಿಯ

ಕರಗಿತು, ಒಳಗೆ ಸೇರಿತು, ಮತ್ತೆ ಹೊಸ ಕಲ್ಲಾಯಿತು. ಆದರೆ ಕೆಲವು ಕಣ ತಪ್ಪಿಸಿಕೊಂಡಿವೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಕಲ್ಲು ಸುಮಾರು 300 ಕೋಟಿ ವರ್ಷದ್ದು. ಅದರೊಳಗಿನ ಒಂದು ಜಿರ್ಕಾನ್ ಕಣಕ್ಕೆ 440 ಕೋಟಿ ವರ್ಷ ಎಂದು 2001ರಲ್ಲಿ ಪ್ರಕಟವಾಯಿತು. ಅಲ್ಲಿನ ಹಳೆಯ ಕಣಗಳಲ್ಲಿರುವ ಆಮ್ಲಜನಕದ ಬಗೆಗಳನ್ನು ನೋಡಿದರೆ ಅಷ್ಟು ಬೇಗ ಭೂಮಿಯ ಮೇಲೆ ನೀರು ಇತ್ತು ಎನಿಸುತ್ತದೆ. ನಮ್ಮ ಒಡಿಶಾದ ಚಂಪುವಾ ಬಳಿಯ ಕಲ್ಲಿನಲ್ಲೂ 400 ಕೋಟಿ ವರ್ಷ ದಾಟಿದ ಕಣಗಳು ಸಿಕ್ಕಿವೆ.

ಕಣ ಬಿಟ್ಟು ಪೂರ್ತಿ ಕಲ್ಲೇ ಬೇಕು ಎಂದರೆ ಕೆನಡಾದ ಅಕಾಸ್ಟಾ ನೈಸ್, 403 ಕೋಟಿ ವರ್ಷ. ಕೆನಡಾದಲ್ಲೇ ಹಡ್ಸನ್ ಕೊಲ್ಲಿಯ ಪಕ್ಕ ನುವ್ವುವಾಗಿಟ್ಟುಕ್ ಎಂಬ ಜಾಗ ಇದೆ. ಅಲ್ಲಿನ ಕಲ್ಲಿಗೆ 428 ಕೋಟಿ ಎಂದು 2008ರಲ್ಲಿ ಒಂದು ತಂಡ ಹೇಳಿತು. ಅಲ್ಲ, ಅದು 380 ಕೋಟಿಯೂ ಇರಲಿಕ್ಕಿಲ್ಲ ಎಂದು ಬೇರೆಯವರು ವಾದಿಸಿದರು. ಆ ಕಪ್ಪು ಕಲ್ಲಿನಲ್ಲಿ ಅಳೆಯಲು ಜಿರ್ಕಾನ್ ಇಲ್ಲ, ಸಮೇರಿಯಂ ನಂಬಬೇಕು. ಅದು ಹೇಳುವುದು ಕಲ್ಲಿನ ವಯಸ್ಸಾ, ಕಲ್ಲು ಕರಗಿಬಂದ ಹಳೆಯ ವಸ್ತುವಿನ ವಯಸ್ಸಾ ಎನ್ನುವುದೇ ಜಗಳ. ನಿಮ್ಮ ಮಗಳು ಕೇಳಿದ ಅದೇ ಪ್ರಶ್ನೆ. 2025ರಲ್ಲಿ ಆ ಜಾಗದ ಬೇರೆ ಕಲ್ಲುಗಳಲ್ಲಿ ಸಮೇರಿಯಂನ ಎರಡು ಬಗೆಗಳನ್ನೂ ಅಳೆದು, ಎರಡೂ ತಾಳೆಯಾಗಿ 416 ಕೋಟಿ ಕೊಡುತ್ತವೆ ಎಂದು ಪ್ರಕಟಿಸಿದ್ದಾರೆ. ನನಗೆ ಈ ಸಲದ ಲೆಕ್ಕ ಹೆಚ್ಚು ಗಟ್ಟಿ ಅನಿಸುತ್ತದೆ, ಏಕೆಂದರೆ ಎರಡು ಬೇರೆ ವೇಗದ ಅಳತೆ ಒಂದೇ ಕಡೆ ಬಂದು ನಿಂತಿವೆ.